ಕರುಳಿನ ಕೀಹೋಲ್ ಆಪರೇಷನ್: ಗಾಯ ಸಣ್ಣದು, ಒಳಗಿನ ಕೆಲಸ ಸಣ್ಣದಲ್ಲ

"ತೂತು ಹಾಕಿ ಮಾಡ್ತಾರಂತೆ ಕಣೋ, ಹೊಟ್ಟೆ ಕುಯ್ಯಲ್ವಂತೆ" ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ನಿರಾಳ ಇತ್ತು. ಅವಳ ಮಗನಿಗೆ 26 ವರ್ಷ. ಕ್ರೋನ್ಸ್ ಕಾಯಿಲೆ. ನಾಲ್ಕು ವರ್ಷದಿಂದ ಹೊಟ್ಟೆನೋವು, ಭೇದಿ, ಆಗಾಗ ಜ್ವರ. ತೂಕ ಇಳಿದು ಇಳಿದು ಹಳೆಯ ಪ್ಯಾಂಟುಗಳೆಲ್ಲ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಕೊನೆಗೆ ಸಣ್ಣ ಕರುಳಿನ ತುದಿ ಎಷ್ಟು ಕಿರಿದಾಗಿತ್ತೆಂದರೆ ಎರಡು ತುತ್ತು ಮುದ್ದೆ ನುಂಗಿದರೂ ಹೊಟ್ಟೆ ಹಿಂಡಿ ವಾಂತಿಯಾಗುತ್ತಿತ್ತು.

ಮರುದಿನ ಬೆಂಗಳೂರಿನಲ್ಲಿ ಸರ್ಜನ್ ಎದುರು ನಾನೂ ಭಾವನೂ ಕೂತಿದ್ದೆವು. ಭಾವ ಕೇಳಿದ ಮೊದಲ ಪ್ರಶ್ನೆ, "ಸಣ್ಣ ಆಪರೇಷನ್ ಅಲ್ವಾ ಡಾಕ್ಟ್ರೇ?" ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಾಯ ಸಣ್ಣದು. ಆಪರೇಷನ್ ಸಣ್ಣದಲ್ಲ" ಎಂದರು. ಆಮೇಲೆ ಲ್ಯಾಬ್ ರಿಪೋರ್ಟಿನ ಹಿಂಬದಿಯಲ್ಲಿ ಕರುಳಿನ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದರು.

ನಾನು ಡಾಕ್ಟರ್ ಅಲ್ಲ. ಆದರೆ ಅವತ್ತಿನಿಂದ ಈ ಕಾಯಿಲೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಸಿಕ್ಕ ಡಾಕ್ಟರನ್ನೆಲ್ಲ ಕೇಳಿದ್ದೇನೆ. ಕನ್ನಡದಲ್ಲಿ ಓದಿ ಅಕ್ಕನಿಗೆ ಹೇಳೋಣ ಅಂದರೆ ಆಗ ಹೆಚ್ಚೇನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ. ಕ್ರೋನ್ಸ್ ಸೇರುವ ಗುಂಪನ್ನು ಇಂಗ್ಲಿಷಿನಲ್ಲಿ ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್), ಅಂದರೆ ಕರುಳಿನ ಉರಿಯೂತದ ಕಾಯಿಲೆ ಅನ್ನುತ್ತಾರೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಬೇರೆ, ಐಬಿಡಿ ಬೇರೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ ತುಂಬ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಐಬಿಎಸ್‌ನಲ್ಲಿ ಕರುಳು ಕಿರಿಕಿರಿ ಮಾಡುತ್ತದೆ, ಆದರೆ ಒಳಗೆ ಹುಣ್ಣಿರುವುದಿಲ್ಲ. ಐಬಿಡಿಯಲ್ಲಿ ಕರುಳು ನಿಜವಾಗಿಯೂ ಉರಿದು, ಕೆಂಪಾಗಿ, ಹುಣ್ಣಾಗುತ್ತದೆ. ಕ್ರಿಮಿಗಳ ಮೇಲೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಕರುಳಿನ ಮೇಲೇ ತಿರುಗಿಬೀಳುವುದು ಇದಕ್ಕೆ ಮೂಲ. ಯಾಕೆ ಹಾಗೆ ತಿರುಗುತ್ತದೆ ಎಂಬುದಕ್ಕೆ ಇನ್ನೂ ಪೂರ್ತಿ ಉತ್ತರವಿಲ್ಲ. ವಂಶ, ಆಹಾರ, ಕರುಳಿನೊಳಗಿನ ಬ್ಯಾಕ್ಟೀರಿಯಾ, ಎಲ್ಲವೂ ಸೇರಿರುತ್ತವೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನದ್ದು ಮಾತ್ರ. ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ನಡುವೆ ಎಲ್ಲೂ ಜಾಗ ಬಿಡುವುದಿಲ್ಲ, ಮತ್ತು ಕರುಳಿನ ಒಳಪದರಕ್ಕಷ್ಟೇ ತಗಲುತ್ತದೆ. ರಕ್ತ, ಲೋಳೆ, ದಿನಕ್ಕೆ ಹತ್ತು ಸಲ ಟಾಯ್ಲೆಟ್ಟಿಗೆ ಓಡುವುದು. ಇನ್ನೊಂದು ಕ್ರೋನ್ಸ್. ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಮೂಲೆ, ಅಂದರೆ ಅಪೆಂಡಿಕ್ಸ್ ಇರುವ ಬಲ ಕೆಳಹೊಟ್ಟೆ, ಇದಕ್ಕೆ ಬಹಳ ಇಷ್ಟದ ಜಾಗ. ಒಂದು ಕಡೆ ಹುಣ್ಣು, ನಡುವೆ ಚೆನ್ನಾಗಿರುವ ಕರುಳು, ಮತ್ತೆ ಹುಣ್ಣು, ಹೀಗೆ ಬಿಟ್ಟು ಬಿಟ್ಟು ಬರುತ್ತದೆ. ಕರುಳಿನ ಗೋಡೆಯನ್ನು ಒಳಗಿಂದ ಹೊರಗಿನವರೆಗೂ ಕೊರೆಯುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ಬಿಡಿಸಿ ಬರೆದರು. ಹೆಸರು ಅಲ್ಲಿಂದ ಬಂತು.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂದು ಬಹಳ ಕಾಲ ನಂಬಿದ್ದರು. ಹಾಗಿಲ್ಲ. ಪಂಜಾಬಿನಲ್ಲಿ ಸುಮಾರು 52 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಕಂಡಿತ್ತು. ಅದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು.

ನಮ್ಮಲ್ಲಿ ತೊಂದರೆ ಏನೆಂದರೆ ಕಾಯಿಲೆ ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ ಅನ್ನುತ್ತೇವೆ, ಲೋಳೆ ಬಂದರೆ ಆಮಶಂಕೆ ಅನ್ನುತ್ತೇವೆ, ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಮಾತ್ರೆ ತಂದು ನುಂಗುತ್ತೇವೆ. ಕ್ರೋನ್ಸ್‌ನದು ಇನ್ನೂ ಕಷ್ಟ, ಯಾಕೆಂದರೆ ಕರುಳಿನ ಟಿಬಿ ಕೂಡ ಅದೇ ಮೂಲೆಯಲ್ಲಿ ಬರುತ್ತದೆ, ಅದೇ ಥರ ಕರುಳನ್ನು ಕಿರಿದು ಮಾಡುತ್ತದೆ, ಅದೇ ಥರ ಜ್ವರ, ತೂಕ ಇಳಿಕೆ. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿಯಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೂ ಎಷ್ಟೋ ಸಲ ಇದೋ ಅದೋ ತಿಳಿಯುವುದಿಲ್ಲ. ಹಾಗಾಗಿ ಟಿಬಿ ಮಾತ್ರೆ ಕೊಟ್ಟು ನೋಡುತ್ತಾರೆ. ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಯದಿದ್ದರೆ ಕ್ರೋನ್ಸ್ ಅನುಮಾನ ಗಟ್ಟಿಯಾಗುತ್ತದೆ. ನಮ್ಮ ಹುಡುಗನೂ ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದ. ಆಗ ನಮಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಮಾತ್ರೆ ಕೊಟ್ಟು ನೋಡಿದ್ದರಲ್ಲಿ ತಪ್ಪಿಲ್ಲ, ನಡುವೆ ಇನ್ನೊಂದು ಕೊಲೊನೋಸ್ಕೋಪಿ ಮಾಡಿ ನೋಡದೆ ಪೂರ್ತಿ ಆರು ತಿಂಗಳು ಕಾದದ್ದು ನಷ್ಟವಾಯಿತು. ಇನ್ನೊಂದು ಮಾತು. ಕ್ರೋನ್ಸ್‌ಗೆ ಕೊಡುವ ಇನ್‌ಫ್ಲಿಕ್ಸಿಮಾಬ್‌ನಂಥ ಇಂಜೆಕ್ಷನ್‌ಗಳು ಮೈಯಲ್ಲಿ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ಆದ್ದರಿಂದ ಅವನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಮಾಡಿಸಲೇಬೇಕು.

ಈಗ ಆಪರೇಷನ್. ಇಷ್ಟೊಂದು ಔಷಧ ಇರುವಾಗ ಕುಯ್ಯುವುದು ಯಾಕೆ?

ಕೈ ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಎಳೆದು ಬಿಗಿದುಕೊಳ್ಳುತ್ತದಲ್ಲ, ಬೆರಳು ಮಡಚುವುದಕ್ಕೆ ಆಗುವುದಿಲ್ಲವಲ್ಲ, ಕರುಳಲ್ಲೂ ಹಾಗೇ ಆಗುತ್ತದೆ. ಹುಣ್ಣು, ಮಾಗುವುದು, ಮತ್ತೆ ಹುಣ್ಣು, ಮತ್ತೆ ಮಾಗುವುದು, ಹೀಗೆ ವರ್ಷಗಟ್ಟಲೆ ನಡೆದರೆ ಆ ಜಾಗ ದಪ್ಪಗಟ್ಟಿ ಗಟ್ಟಿ ಪೈಪಿನಂತಾಗುತ್ತದೆ. ಔಷಧಗಳು ಉರಿಯನ್ನು ಆರಿಸಬಲ್ಲವು. ಗಟ್ಟಿಯಾದ ಗಾಯದ ಕಲೆಯನ್ನು ಕರಗಿಸಲಾರವು. ಇನ್ನು ಕೆಲವರಿಗೆ ಕರುಳಿನ ಗೋಡೆ ತೂತಾಗಿ ಪಕ್ಕದ ಕರುಳಿಗೋ, ಮೂತ್ರಕೋಶಕ್ಕೋ, ಚರ್ಮಕ್ಕೋ ದಾರಿ ಬೀಳುತ್ತದೆ. ಅದೇ ಫಿಸ್ಟುಲಾ. ಒಳಗೆ ಕೀವು ಕಟ್ಟಿಕೊಳ್ಳುವುದೂ ಉಂಟು. ಇಂಥ ಕಡೆ ಸರ್ಜನ್ ಬೇಕು.

ನಮ್ಮಲ್ಲಿ ಆಪರೇಷನ್ ಅಂದರೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತಟ್ಟುವ ಬಾಗಿಲು ಎಂಬ ಭಾವನೆ ಇದೆ. ಡಾಕ್ಟರುಗಳಲ್ಲೂ ಬಹುಕಾಲ ಇತ್ತು. ಅದನ್ನು ಅಲ್ಲಾಡಿಸಿದ ಒಂದು ಅಧ್ಯಯನದ ಬಗ್ಗೆ ಹೇಳಲೇಬೇಕು. ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನ ಆಸ್ಪತ್ರೆಗಳು ಸೇರಿ ನಡೆಸಿದ್ದು, 2017ರಲ್ಲಿ ಪ್ರಕಟವಾಯಿತು. ಸಣ್ಣ ಕರುಳಿನ ತುದಿಯ 40 ಸೆಂಟಿಮೀಟರಿಗಿಂತ ಕಡಿಮೆ ಜಾಗಕ್ಕೆ ಮಾತ್ರ ಕ್ರೋನ್ಸ್ ಇದ್ದ, ಮಾಮೂಲಿ ಔಷಧಕ್ಕೆ ಬಗ್ಗದ 143 ಜನರನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಇನ್‌ಫ್ಲಿಕ್ಸಿಮಾಬ್, ಉಳಿದರ್ಧ ಜನರಿಗೆ ನೇರವಾಗಿ ಕೀಹೋಲ್ ಆಪರೇಷನ್. ಒಂದು ವರ್ಷದ ಮೇಲೆ ಎರಡೂ ಗುಂಪಿನವರ ಜೀವನದ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಇತ್ತು. ಅದಕ್ಕಿಂತ ಮುಖ್ಯವಾದದ್ದು 2020ರಲ್ಲಿ ಬಂದ ಮುಂದಿನ ಲೆಕ್ಕ. ಸರಾಸರಿ ಐದು ವರ್ಷ ದಾಟಿದಾಗ, ಇಂಜೆಕ್ಷನ್ ಗುಂಪಿನಲ್ಲಿ ಸುಮಾರು ಅರ್ಧ ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡೇ ಇದ್ದರು. ಮೊದಲೇ ಆಪರೇಷನ್ ಆದವರಲ್ಲಿ ಕಾಲು ಭಾಗದಷ್ಟು ಜನರಿಗೆ ಮುಂದೆ ಅಂಥ ಇಂಜೆಕ್ಷನ್ ಬೇಕಾಯಿತು, ಆದರೆ ಒಬ್ಬರಿಗೂ ಎರಡನೇ ಸಲ ಕರುಳು ತೆಗೆಯಬೇಕಾಗಲಿಲ್ಲ.

ಇದರರ್ಥ ಎಲ್ಲರೂ ಓಡಿಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಅಂತಲ್ಲ. ಕಾಯಿಲೆ ಒಂದೇ ಮೂಲೆಯಲ್ಲಿ ಚಿಕ್ಕದಾಗಿದ್ದಾಗ, ಕೀವು ಕಟ್ಟುವ ಮೊದಲು, ಮೈಯಲ್ಲಿ ಶಕ್ತಿ ಇರುವಾಗ ಮಾಡಿಸುವ ಆಪರೇಷನ್ನಿಗೂ, ಎಲ್ಲ ಕೆಟ್ಟ ಮೇಲೆ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಹೋಗಿ ಮಾಡಿಸುವ ಆಪರೇಷನ್ನಿಗೂ ಅಜಗಜಾಂತರ ಇದೆ. ಕೀಹೋಲಿನ ಲಾಭ ಪೂರ್ತಿ ಸಿಗುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಎಷ್ಟೋ ಸಲ ಹೊಟ್ಟೆಯನ್ನೇ ತೆರೆಯಬೇಕಾಗುತ್ತದೆ. ತೂತೋ ಕುಯ್ಲೋ ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆ ದೊಡ್ಡದು. ನಾವು ಈ ಪ್ರಶ್ನೆಯನ್ನು ಎರಡು ವರ್ಷ ಮೊದಲೇ ಕೇಳಬೇಕಿತ್ತು.

ಕೀಹೋಲ್ ಹೇಗೆ ಮಾಡುತ್ತಾರೆ? ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಿನ ಹತ್ತಿರ ಚಿಕ್ಕ ಗಾಯ ಮಾಡಿ, ಅದರಿಂದ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಹೊಟ್ಟೆ ಬಲೂನಿನಂತೆ ಉಬ್ಬುತ್ತದೆ, ಕರುಳಿನ ಮೇಲೆ ಜಾಗ ಸಿಗುತ್ತದೆ. ಗಾಳಿ ಬಿಟ್ಟು ಈ ಅನಿಲವೇ ಯಾಕೆಂದರೆ ಇದು ಬೆಂಕಿ ಹತ್ತುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಒಂದು ತೂತಿನಲ್ಲಿ ಕ್ಯಾಮೆರಾ. ಉಳಿದ ಮೂರು ನಾಲ್ಕು ತೂತುಗಳಲ್ಲಿ ಉದ್ದನೆಯ ಸಲಕರಣೆಗಳು. ಒಂದೊಂದು ತೂತು 5ರಿಂದ 12 ಮಿಲಿಮೀಟರ್. ಸರ್ಜನ್ ಹೊಟ್ಟೆಯತ್ತ ನೋಡುವುದಿಲ್ಲ, ಎದುರಿನ ಟಿವಿ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಆ ಪರದೆಯಲ್ಲಿ ಎಲ್ಲವೂ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ, ಬರಿಗಣ್ಣಿಗೆ ಸಿಗದ ಸಣ್ಣ ನರ, ರಕ್ತನಾಳಗಳೂ ಕಾಣುತ್ತವೆ. ಕೊನೆಗೆ ಕಾಯಿಲೆಯ ತುಂಡನ್ನು ಹೊರಗೆ ತೆಗೆಯಬೇಕಲ್ಲ, ಅದಕ್ಕೆ ನಾಲ್ಕೈದು ಸೆಂಟಿಮೀಟರಿನ ಒಂದು ಗಾಯ ಬೇಕೇ ಬೇಕು. ಅದನ್ನು ಹೊಕ್ಕುಳಲ್ಲೋ ಕಿಬ್ಬೊಟ್ಟೆಯಲ್ಲೋ ಮಾಡುತ್ತಾರೆ. ಬರೀ ತೂತಿನಲ್ಲೇ ಎಲ್ಲ ಮುಗಿಯುತ್ತದೆ ಅಂದುಕೊಂಡವರು ಬ್ಯಾಂಡೇಜ್ ನೋಡಿ ಗಾಬರಿಯಾಗುತ್ತಾರೆ. ಅಕ್ಕನೂ ಆದಳು.

ಈ ವಿದ್ಯೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. 1901ರಲ್ಲಿ ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಯೊಳಗೆ ಕೊಳವೆ ಇಟ್ಟು ನೋಡಿದರು. 1980ರಲ್ಲಿ ಕುರ್ಟ್ ಜೆಮ್ ಎಂಬ ಸ್ತ್ರೀರೋಗ ತಜ್ಞರು ಹೀಗೆ ಅಪೆಂಡಿಕ್ಸ್ ತೆಗೆದಾಗ ಸರ್ಜನ್‌ಗಳೇ ಅವರ ಮೇಲೆ ಹರಿಹಾಯ್ದರು. 1985ರಲ್ಲಿ ಜರ್ಮನಿಯದೇ ಸರ್ಜನ್ ಎರಿಕ್ ಮ್ಯೂ ಹೀಗೇ ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈನ ಡಾ. ಉದ್ವಾಡಿಯಾ ಭಾರತದಲ್ಲಿ ಅದನ್ನು ಮೊದಲು ಮಾಡಿದರು. ಕರುಳಿಗೆ ಬರುವ ಹೊತ್ತಿಗೆ 90ರ ದಶಕ. ಕರುಳಿನಲ್ಲೂ ಕ್ರೋನ್ಸ್ ಕೊನೆಗೆ ಬಂತು, ಯಾಕೆಂದರೆ ಅದು ಅಷ್ಟು ಕಷ್ಟ.

ಯಾಕೆ ಕಷ್ಟ? ಕರುಳು ಹೊಟ್ಟೆಯಲ್ಲಿ ಸುಮ್ನೆ ಬಿದ್ದಿರುವುದಿಲ್ಲ. ಬಟ್ಟೆಗೆ ಹೊಲಿದ ಅಂಚಿನ ಹಾಗೆ, ರಕ್ತನಾಳಗಳು ಓಡಾಡುವ ಕೊಬ್ಬಿನ ಒಂದು ಪದರಕ್ಕೆ ಅಂಟಿಕೊಂಡಿರುತ್ತದೆ. ಮೆಸೆಂಟರಿ ಎಂದು ಅದಕ್ಕೆ ಹೆಸರು. ಕ್ರೋನ್ಸ್‌ನಲ್ಲಿ ಈ ಪದರ ಊದಿ, ದಪ್ಪವಾಗಿ, ಕೊಬ್ಬು ಕರುಳಿನ ಮೇಲೆಯೇ ತೆವಳಿಕೊಂಡು ಬಂದು ಸುತ್ತಿಕೊಳ್ಳುತ್ತದೆ. ಅದನ್ನು ಕತ್ತರಿಸಿದರೆ ರಕ್ತ ನಿಲ್ಲಿಸುವುದು ಸುಲಭವಲ್ಲ. ಶಬ್ದತರಂಗದಿಂದ ರಕ್ತನಾಳವನ್ನು ಮುಚ್ಚಿ ಕತ್ತರಿಸುವ ಸಾಧನಗಳು ಬಂದ ಮೇಲೆ ಇದು ಎಷ್ಟೋ ಹಗುರವಾಯಿತು. ಇನ್ನು ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿರುತ್ತವೆ, ನಡುವೆ ಫಿಸ್ಟುಲಾ ಇರುತ್ತದೆ, ಹಿಂದೆ ಮೂತ್ರನಾಳ ಹಾದುಹೋಗುತ್ತದೆ. ಒಂದನ್ನು ಬಿಡಿಸುವಾಗ ಇನ್ನೊಂದು ಹರಿಯಬಾರದು. ಕೈಯಿಂದ ಮುಟ್ಟಿ ನೋಡುವಂತೆಯೂ ಇಲ್ಲ.

ಅದಕ್ಕೇ ಕೆಲವೊಮ್ಮೆ ಕೀಹೋಲಿನಲ್ಲಿ ಶುರು ಮಾಡಿ ನಡುವೆ ಹೊಟ್ಟೆ ತೆರೆಯುತ್ತಾರೆ. ಇದನ್ನು ಸೋಲು ಅಂತಲೋ, ಡಾಕ್ಟರಿಗೆ ಬರಲಿಲ್ಲ ಅಂತಲೋ ದಯವಿಟ್ಟು ತಿಳಿಯಬೇಡಿ. ದಾರಿ ಕಾಣದಿದ್ದಾಗ ತೆರೆದು ನೋಡುವ ಸರ್ಜನ್ನನ್ನೇ ನಾನು ನಂಬುತ್ತೇನೆ. ಸಹಿ ಹಾಕುವ ಕಾಗದದಲ್ಲಿ ಈ ಮಾತು ಇರುತ್ತದೆ, ಓದಿ ಸಹಿ ಹಾಕಿ.

ಒಳಗೆ ಮಾಡುವ ಕೆಲಸ ಮಾತ್ರ ಎರಡರಲ್ಲೂ ಒಂದೇ. ಕಾಯಿಲೆಯ ತುಂಡು ತೆಗೆದು, ಎರಡು ತುದಿಗಳನ್ನು ಜೋಡಿಸುವುದು. ಎಷ್ಟು ತೆಗೆಯಬೇಕು? ಹಿಂದೆ, ಎರಡೂ ಕಡೆ ಚೆನ್ನಾಗಿರುವ ಕರುಳನ್ನೂ ಧಾರಾಳವಾಗಿ ತೆಗೆದರೆ ಕಾಯಿಲೆ ಮರಳುವುದಿಲ್ಲ ಅಂದುಕೊಂಡಿದ್ದರು. ಅಮೆರಿಕದ ವಿಕ್ಟರ್ ಫಾಸಿಯೋ ಮತ್ತು ಸಂಗಡಿಗರು 1996ರಲ್ಲಿ ಕಾಯಿಲೆಯ ಆಚೀಚೆ ಚೆನ್ನಾಗಿರುವ ಕರುಳನ್ನು 2 ಸೆಂಟಿಮೀಟರ್ ಮಾತ್ರ ತೆಗೆಸಿಕೊಂಡವರನ್ನೂ 12 ಸೆಂಟಿಮೀಟರ್ ತೆಗೆಸಿಕೊಂಡವರನ್ನೂ ಹೋಲಿಸಿದರು. ಹೆಚ್ಚು ತೆಗೆದುದರಿಂದ ಲಾಭವೇನೂ ಆಗಿರಲಿಲ್ಲ. ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳನ್ನು ಈಗ ಚಿನ್ನದಂತೆ ಉಳಿಸುತ್ತಾರೆ. ಮತ್ತೆ ಬೆಳೆಯುವ ಅಂಗ ಅದಲ್ಲ.

ಉಳಿಸುವ ಒಂದು ಉಪಾಯದಲ್ಲಿ ನಮ್ಮ ದೇಶದ ಪಾಲಿದೆ ಎಂದು ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕಿರಿದಾದ ಜಾಗವನ್ನು ತೆಗೆಯದೆ, ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದುಬಿಡುವುದು. ರವಿಕೆ ತೋಳು ಬಿಗಿಯಾದರೆ ಹೊಲಿಗೆ ಬಿಚ್ಚಿ ಅಗಲ ಮಾಡುವ ಹಾಗೆ. ಕರುಳು ಒಂದಿಷ್ಟು ಗಿಡ್ಡವಾಗುತ್ತದೆ, ಆದರೆ ಅಗಲವಾಗುತ್ತದೆ, ಒಂದು ಚೂರೂ ಕಳೆಯುವುದಿಲ್ಲ. 1977ರಲ್ಲಿ ಕಟಾರಿಯಾ ಮತ್ತು ಸಂಗಡಿಗ ಭಾರತೀಯ ಸರ್ಜನ್‌ಗಳು ಕರುಳಿನ ಟಿಬಿಯಿಂದ ಕಿರಿದಾದ ಜಾಗಗಳಿಗೆ ಹೀಗೆ ಮಾಡಿದ್ದನ್ನು ಬರೆದರು. ಅದನ್ನು ಕ್ರೋನ್ಸ್‌ಗೆ ಬಳಸಿದ್ದು ಇಂಗ್ಲೆಂಡಿನಲ್ಲಿ, ಕೆಲ ವರ್ಷಗಳ ಮೇಲೆ. ರೋಗ ಗುರುತಿಸುವಲ್ಲಿ ನಮ್ಮನ್ನು ಇಷ್ಟು ಕಾಡುವ ಟಿಬಿಯೇ ಇಲ್ಲಿ ಕ್ರೋನ್ಸ್‌ನವರಿಗೆ ದಾರಿ ತೋರಿಸಿತು.

ಅಲ್ಸರೇಟಿವ್ ಕೊಲೈಟಿಸ್ ಕಥೆ ಬೇರೆ. ಅಲ್ಲಿ ಇಡೀ ದೊಡ್ಡ ಕರುಳನ್ನೂ ಗುದದ ಮೇಲಿನ ಭಾಗವನ್ನೂ ತೆಗೆಯಬೇಕು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಕಾಯಿಲೆ ಇರುವುದೇ ದೊಡ್ಡ ಕರುಳಿನಲ್ಲಿ. ಅದು ಹೋದರೆ ಆ ರಕ್ತಭೇದಿ, ಆ ಓಟ, ಮುಂದೆ ಅಲ್ಲಿ ಕ್ಯಾನ್ಸರ್ ಆದೀತೆಂಬ ಭಯ ಬಹುಮಟ್ಟಿಗೆ ಹೋಗುತ್ತವೆ. ದೊಡ್ಡ ಕರುಳಿಲ್ಲದೆ ಮನುಷ್ಯ ಬದುಕಬಲ್ಲ. ಅದರ ಮುಖ್ಯ ಕೆಲಸ ನೀರು ಹೀರುವುದು.

ಒಂದು ಸಂದರ್ಭದಲ್ಲಿ ಮಾತ್ರ ತಡ ಮಾಡುವಂತೆಯೇ ಇಲ್ಲ. ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ರಕ್ತಭೇದಿ, ಜೊತೆಗೆ ಜ್ವರ, ಎದೆಬಡಿತ 90ಕ್ಕಿಂತ ಹೆಚ್ಚು ಅಥವಾ ಹಿಮೋಗ್ಲೋಬಿನ್ ಇಳಿದಿದ್ದರೆ ಅದು ಆಸ್ಪತ್ರೆಗೆ ಸೇರಲೇಬೇಕಾದ ಸ್ಥಿತಿ. 1955ರಲ್ಲಿ ಇಂಗ್ಲೆಂಡಿನ ಡಾಕ್ಟರುಗಳಾದ ಟ್ರೂಲವ್ ಮತ್ತು ವಿಟ್ಸ್ ಹಾಕಿಕೊಟ್ಟ ಅಳತೆ ಇದು, ಇಂದಿಗೂ ಬಳಕೆಯಲ್ಲಿದೆ. ಮೊದಲು ನರದ ಮೂಲಕ ಸ್ಟೀರಾಯ್ಡ್ ಕೊಡುತ್ತಾರೆ. ಮೂರು ದಿನಕ್ಕೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮಾಬ್ ಅಥವಾ ಸೈಕ್ಲೋಸ್ಪೋರಿನ್. ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಇಲ್ಲಿ "ಇನ್ನೆರಡು ದಿನ ನೋಡೋಣ" ಎಂದು ಮನೆಯವರು ಹಟ ಹಿಡಿಯುತ್ತಾರೆ. ಅಷ್ಟರಲ್ಲಿ ಕರುಳು ಊದಿ ಒಡೆದರೆ ಜೀವಕ್ಕೇ ಅಪಾಯ. ಒಡೆದ ಮೇಲೆ ಕೀಹೋಲಿನ ಮಾತು ಬಹುತೇಕ ಮುಗಿದಂತೆ.

ಹೀಗೆ ತುರ್ತಿನಲ್ಲಿ ಮಾಡುವಾಗ ಎಲ್ಲವನ್ನೂ ಒಂದೇ ಸಲ ಮಾಡುವುದಿಲ್ಲ. ಮೊದಲು ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಲ ಬೀಳಲು ಚೀಲ ಕಟ್ಟುತ್ತಾರೆ. ರೋಗಿ ಚೇತರಿಸಿಕೊಂಡು, ಸ್ಟೀರಾಯ್ಡ್ ಬಿಟ್ಟು, ಮೈಗೂಡಿದ ಮೇಲೆ ಎರಡನೇ ಹಂತ. ಸಣ್ಣ ಕರುಳಿನ ತುದಿಯನ್ನು ಮಡಚಿ ಹೊಲಿದು ಒಂದು ಸಂಚಿ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ 1978ರಲ್ಲಿ ಇದನ್ನು ತೋರಿಸಿದರು, 1980ರಲ್ಲಿ ಜಪಾನಿನ ಉತ್ಸುನೋಮಿಯಾ ಇಂಗ್ಲಿಷಿನ ಜೆ ಅಕ್ಷರದ ಆಕಾರದ ಸುಲಭ ರೂಪ ಕೊಟ್ಟರು. ಅದೇ ಜೆ ಪೌಚ್. ಮೂರನೇ ಹಂತದಲ್ಲಿ ಹೊಟ್ಟೆಯ ಮೇಲಿನ ಬಾಯಿ ಮುಚ್ಚುತ್ತಾರೆ. ಆಮೇಲೆ ಸಹಜ ದಾರಿಯಲ್ಲೇ ಮಲವಿಸರ್ಜನೆ. ದಿನಕ್ಕೆ ಒಂದು ಸಲ ಆಗುತ್ತದೆ ಅಂದುಕೊಳ್ಳಬೇಡಿ. ಐದಾರು ಸಲ ಸಾಮಾನ್ಯ, ರಾತ್ರಿ ಒಮ್ಮೆ ಏಳಬೇಕಾಗಬಹುದು. ಆ ಸಂಚಿಯೇ ಆಗಾಗ ಉರಿದುಕೊಳ್ಳುವ ಪೌಚೈಟಿಸ್ ಬಹಳ ಜನರಿಗೆ ಒಂದಲ್ಲ ಒಂದು ಸಲ ಬರುತ್ತದೆ. ಆದರೆ ಟಾಯ್ಲೆಟ್ ಎಲ್ಲಿದೆ ಎಂದು ನೋಡಿಕೊಳ್ಳದೆ ಬಸ್ಸು ಹತ್ತಲಾರದವರಿಗೆ, ಹತ್ತು ನಿಮಿಷ ತಡೆದುಕೊಳ್ಳಬಹುದು ಎಂಬುದೇ ದೊಡ್ಡ ಬಿಡುಗಡೆ.

ಹೆಣ್ಣುಮಕ್ಕಳ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಈ ಕಾಯಿಲೆ ಬರುವುದು ಹೆಚ್ಚಾಗಿ ಹರೆಯದಲ್ಲೇ. ಹೊಟ್ಟೆ ತೆರೆದು ಪೌಚ್ ಮಾಡಿದ ಮೇಲೆ ಒಳಗೆ ಅಂಟುಗಳಾಗಿ ಗರ್ಭನಾಳಗಳು ಸಿಕ್ಕಿಹಾಕಿಕೊಂಡು, ಸಹಜವಾಗಿ ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. 2006ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಬಂಜೆತನದ ಪ್ರಮಾಣ ಸುಮಾರು 15ರಿಂದ 48 ಪ್ರತಿಶತಕ್ಕೆ ಏರಿದ್ದು ಕಂಡಿತು. ಕೀಹೋಲಿನಲ್ಲಿ ಅಂಟುಗಳು ಕಡಿಮೆ. ಹಾಗೆ ಮಾಡಿಸಿಕೊಂಡವರಲ್ಲಿ ಗರ್ಭ ನಿಲ್ಲುವುದು ಉತ್ತಮ ಎಂದು ಆಮೇಲಿನ ಅಧ್ಯಯನಗಳು ಹೇಳುತ್ತವೆ. ಕೆಲವರು ಮೊದಲ ಹಂತ ಮುಗಿಸಿ, ಚೀಲದಲ್ಲೇ ಕೆಲಕಾಲ ಇದ್ದು, ಮಕ್ಕಳಾದ ಮೇಲೆ ಪೌಚ್ ಮಾಡಿಸಿಕೊಳ್ಳುತ್ತಾರೆ. ಮದುವೆಯಾಗದ ಹುಡುಗಿಯ ಮುಂದೆ ಇದನ್ನೆಲ್ಲ ಮಾತಾಡುವುದೇ ಎಂದು ಹಿರಿಯರು ತಡೆಯುತ್ತಾರೆ. ಅವಳ ಮುಂದೆಯೇ ಮಾತಾಡಬೇಕು. ಹೊಟ್ಟೆ ಅವಳದು.

ಚೀಲದ ಬಗ್ಗೆಯೂ ಒಂದಿಷ್ಟು. ಚೀಲ ಕಟ್ಟಲು ಹೊಟ್ಟೆಯ ಮೇಲೆ ಮಾಡುವ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಆ ಪದ ಕೇಳಿದೊಡನೆ ನಮ್ಮವರು ಬೇಡವೇ ಬೇಡ ಅನ್ನುತ್ತಾರೆ. ಬಹುಪಾಲು ಸಲ ಅದು ಕೆಲ ತಿಂಗಳಿಗೆ ಮಾತ್ರ, ಒಳಗಿನ ಹೊಸ ಜೋಡಣೆ ಮಾಗುವವರೆಗೆ. ಅದು ಎಲ್ಲಿರಬೇಕು ಎಂದು ಆಪರೇಷನ್ನಿಗೆ ಮುಂಚೆಯೇ ಪೆನ್ನಿನಲ್ಲಿ ಗುರುತು ಹಾಕಬೇಕು. ಬರೀ ಮಲಗಿಸಿ ಅಲ್ಲ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹಾಕಬೇಕು. ನಮ್ಮಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡುತ್ತೇವೆ. ಹೊಟ್ಟೆಯ ಮಡಿಕೆಯಲ್ಲಿ ಬಂದರೆ ಚೀಲ ನಿಲ್ಲುವುದಿಲ್ಲ, ಸೋರುತ್ತದೆ. ಲಂಗದ ಲಾಡಿ, ಪಂಚೆಯ ಗಂಟು, ಬೆಲ್ಟು ಬರುವ ಜಾಗವೂ ಆಗಬಾರದು. ನೀವು ದಿನಾ ಉಡುವ ಬಟ್ಟೆಯಲ್ಲೇ ಹೋಗಿ ಗುರುತು ಹಾಕಿಸಿಕೊಳ್ಳಿ. ಇದು ತುಂಬ ಚಿಕ್ಕ ವಿಷಯ ಅನ್ನಿಸಬಹುದು, ಮುಂದಿನ ಮೂರು ತಿಂಗಳ ನೆಮ್ಮದಿ ಇದರ ಮೇಲೆ ನಿಂತಿದೆ.

ಆಪರೇಷನ್ನಿನ ತಯಾರಿ ಆಪರೇಷನ್ನಿಗಿಂತ ಹೆಚ್ಚು ದಿನ ಹಿಡಿಯುತ್ತದೆ, ಹಿಡಿಯಲೂಬೇಕು. ನಮ್ಮ ಹುಡುಗನಿಗೆ ಕೂಡಲೇ ಮಾಡಲಿಲ್ಲ. ಹೊಟ್ಟೆಯೊಳಗೆ ಒಂದು ಕಡೆ ಕೀವು ಕಟ್ಟಿತ್ತು. ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ, ಸಣ್ಣ ಕೊಳವೆ ಇಟ್ಟು ಅದನ್ನು ಬಸಿದರು. ಐದು ವಾರ ಗಟ್ಟಿ ಊಟ ಬಿಡಿಸಿ ಪೂರ್ತಿ ಪೌಷ್ಟಿಕ ಪಾನೀಯದಲ್ಲೇ ಇಟ್ಟರು. ದಿನಕ್ಕೆ ಎಂಟು ಹತ್ತು ಲೋಟ. ವೆನಿಲಾ ವಾಸನೆ ಬಂದರೆ ಅವನಿಗೆ ಈಗಲೂ ಮುಖ ಕಿವುಚಿಕೊಳ್ಳುವಂತಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿದರು. ಅದು ಜಾಸ್ತಿ ಪ್ರಮಾಣದಲ್ಲಿ ಮೈಯಲ್ಲಿದ್ದರೆ ಕರುಳಿನ ಜೋಡಣೆ ಮಾಗುವುದಿಲ್ಲ, ಸೋಂಕಾಗುತ್ತದೆ. ತಟ್ಟನೆ ನಿಲ್ಲಿಸುವುದೂ ಅಪಾಯ, ಡಾಕ್ಟರು ಹೇಳಿದ ಲೆಕ್ಕದಲ್ಲೇ ಇಳಿಸಬೇಕು. ರಕ್ತ ಕಡಿಮೆ ಇತ್ತು, ನರಕ್ಕೆ ಕಬ್ಬಿಣಾಂಶ ಕೊಟ್ಟರು. ಈ ಐದು ವಾರದಲ್ಲಿ ನೆಂಟರೆಲ್ಲ "ಇಷ್ಟು ದಿನ ಕಾಯಿಸ್ತಿದಾರಲ್ಲ, ಬೇರೆ ಕಡೆ ತೋರಿಸಿ" ಅಂದರು. ಕಾದದ್ದಕ್ಕೇ ಅವನಿಗೆ ಕೀಹೋಲಿನಲ್ಲಿ ಮುಗಿಯಿತು, ಚೀಲವೂ ಬೇಕಾಗಲಿಲ್ಲ ಎಂದು ಸರ್ಜನ್ ಆಮೇಲೆ ಹೇಳಿದರು.

ಆಪರೇಷನ್ ಆದ ಮಾರನೇ ದಿನವೇ ಎಬ್ಬಿಸಿ ನಡೆಸಿದರು. ಅಕ್ಕನಿಗೆ ಜೀವ ಬಾಯಿಗೆ ಬಂದಿತ್ತು. ಹಿಂದೆಲ್ಲ ದಿನಗಟ್ಟಲೆ ನೀರೂ ಕೊಡದೆ ಮಲಗಿಸಿಡುತ್ತಿದ್ದರು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 90ರ ದಶಕದಲ್ಲಿ ಅದು ಬೇಡ, ಬೇಗ ಕುಡಿಸಿ, ಬೇಗ ನಡೆಸಿ ಎಂದು ತೋರಿಸಿಕೊಟ್ಟರು. ನಡೆದರೆ ಕರುಳು ಬೇಗ ಎಚ್ಚರಗೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ಐಬಿಡಿ ಇರುವವರಿಗೆ ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಹೆಚ್ಚು. ಹೊಟ್ಟೆಯ ಚರ್ಮಕ್ಕೆ ದಿನಾ ಕೊಡುವ ಹೆಪಾರಿನ್ ಇಂಜೆಕ್ಷನ್ ಅದಕ್ಕೇ, ಕೆಲವರಿಗೆ ಮನೆಗೆ ಹೋದ ಮೇಲೂ ಮುಂದುವರಿಸುತ್ತಾರೆ. ಎರಡು ದಿನ ಅವನಿಗೆ ಭುಜ ನೋಯುತ್ತಿತ್ತು. ಹೊಟ್ಟೆಯ ಆಪರೇಷನ್ನಿಗೆ ಭುಜ ಯಾಕೆ ನೋಯಬೇಕು ಎಂದು ಗಾಬರಿಯಾದೆವು. ಒಳಗೆ ಉಳಿದ ಅನಿಲ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು ಕೆರಳಿಸುತ್ತದೆ, ಆ ನೋವು ಭುಜದಲ್ಲಿ ಕಾಣಿಸುತ್ತದಂತೆ. ತಾನಾಗಿ ಹೋಯಿತು.

ನಿಜವಾಗಿ ಹೆದರಬೇಕಾದದ್ದು ಜೋಡಣೆ ಸೋರುವುದಕ್ಕೆ. ಕರುಳಿನ ಎರಡು ತುದಿ ಸೇರಿಸಿದ ಜಾಗ ಬಿಟ್ಟುಕೊಂಡರೆ ಮಲ ಹೊಟ್ಟೆಯೊಳಗೆ ಹರಡುತ್ತದೆ. ಮೊದಲ ವಾರದಲ್ಲಿ ಜ್ವರ, ಎದೆಬಡಿತ ಏರುವುದು, ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚುವುದು, ಹೊಟ್ಟೆ ಉಬ್ಬುವುದು, ಇವು ಕಂಡರೆ ಬೆಳಗಾಗಲಿ ಅನ್ನಬೇಡಿ. ಕೀಹೋಲಿನಿಂದ ಈ ಅಪಾಯ ಹೋಗುವುದಿಲ್ಲ. ಕೀಹೋಲ್ ಕಡಿಮೆ ಮಾಡುವುದು ನೋವು, ಗಾಯದ ಸೋಂಕು, ಮುಂದೆ ಗಾಯದ ಜಾಗದಲ್ಲಿ ಬರುವ ಹರ್ನಿಯಾ, ಒಳಗಿನ ಅಂಟು ಇವನ್ನು. ಅಂಟು ಕಡಿಮೆ ಆಗುವುದು ಕ್ರೋನ್ಸ್‌ನವರಿಗೆ ಬಹಳ ದೊಡ್ಡ ಲಾಭ, ಯಾಕೆಂದರೆ ಕೆಲವರಿಗೆ ಹತ್ತು ಹದಿನೈದು ವರ್ಷದ ಮೇಲೆ ಮತ್ತೆ ಆಪರೇಷನ್ ಬೇಕಾಗಬಹುದು.

ರೋಬೋಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ, ಸರ್ಜನ್ನಿನ ಕೈ ಆಡಿದಂತೆ ಅದರ ಕೈ ಆಡುತ್ತದೆ. ಕಿರಿದಾದ ಸೊಂಟದ ಗುಂಡಿಯಲ್ಲಿ ಪೌಚ್ ಕೆಲಸಕ್ಕೆ ಅನುಕೂಲ. ಖರ್ಚು ಜಾಸ್ತಿ. ಯಂತ್ರ ಯಾವುದು ಎಂದು ಕೇಳುವ ಮೊದಲು, ಈ ಕಾಯಿಲೆಗೆ ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತೀರಿ ಎಂದು ನಾನಾದರೆ ಕೇಳುತ್ತೇನೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಮರೆಯುವ ಮಾತು. ಕ್ರೋನ್ಸ್‌ನಲ್ಲಿ ಆಪರೇಷನ್ ಕಾಯಿಲೆಯ ಕೊನೆಯಲ್ಲ. 1990ರಲ್ಲಿ ಬೆಲ್ಜಿಯಂನ ರುಟ್‌ಗೀರ್ಟ್ಸ್ ಮತ್ತು ಸಂಗಡಿಗರು ಆಪರೇಷನ್ ಆದವರಿಗೆ ಒಂದು ವರ್ಷದೊಳಗೆ ಕೊಲೊನೋಸ್ಕೋಪಿ ಮಾಡಿ ನೋಡಿದಾಗ 100ರಲ್ಲಿ 73 ಜನರಿಗೆ ಜೋಡಣೆಯ ಹತ್ತಿರ ಹುಣ್ಣು ಮರಳಿತ್ತು. ತೊಂದರೆ ಕಾಣಿಸಿಕೊಂಡಿದ್ದು 20 ಜನರಿಗೆ ಮಾತ್ರ. ಉಳಿದವರು ಚೆನ್ನಾಗಿದ್ದೇವೆ ಅಂದುಕೊಂಡೇ ಇದ್ದರು. ಆಗಿನ್ನೂ ಈಗಿನ ಔಷಧಗಳು ಇರಲಿಲ್ಲ. ಈಗ ಇವೆ, ಆದರೆ ಹುಣ್ಣು ಮರಳಿದ್ದು ಗೊತ್ತಾದರೆ ತಾನೇ ಕೊಡುವುದು? ಸಿಗರೇಟು, ಬೀಡಿ ಸೇದುವವರಿಗೆ ಮರಳುವುದು ಇನ್ನೂ ಹೆಚ್ಚು, ಬಿಡಲೇಬೇಕು. ಸಣ್ಣ ಕರುಳಿನ ತುದಿ ಹೋದವರಿಗೆ ಬಿ12 ಹೀರುವ ಜಾಗವೇ ಹೋಗಿರುತ್ತದೆ. ಅದನ್ನು ಪರೀಕ್ಷಿಸುತ್ತಾ, ಕಡಿಮೆಯಾದರೆ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಪಿತ್ತರಸ ಸರಿಯಾಗಿ ಹೀರದೆ ನೀರುಭೇದಿಯಾಗುವುದೂ ಉಂಟು, ಅದು ಕಾಯಿಲೆ ಮರಳಿದ್ದೇ ಆಗಬೇಕಿಲ್ಲ, ಅದಕ್ಕೆ ಬೇರೆ ಪುಡಿ ಇದೆ.

ನಮ್ಮ ಹುಡುಗ ಈಗ ಮುದ್ದೆ ಉಣ್ಣುತ್ತಾನೆ. ಒಂಬತ್ತು ಕೆಜಿ ತೂಕ ಏರಿದೆ. "ಮಾಮ, ನಾನು ಚೆನ್ನಾಗೇ ಇದೀನಲ್ಲ, ಮತ್ತೆ ಆ ಕೊಲೊನೋಸ್ಕೋಪಿ ಔಷಧ ಕುಡಿದು ರಾತ್ರಿಯೆಲ್ಲ ಟಾಯ್ಲೆಟ್ಟಲ್ಲಿ ಕೂರೋದ್ಯಾಕೆ" ಎಂದು ಹೋದ ವಾರ ಕೇಳಿದ. ಆ 73ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಪರೇಷನ್ ಆಗಿ ಆರು ತಿಂಗಳು ಬರುವ ತಿಂಗಳ 14ಕ್ಕೆ ತುಂಬುತ್ತದೆ. ಅವತ್ತೇ ಕೊಲೊನೋಸ್ಕೋಪಿಗೆ ಬೆಳಗಿನ ಮೊದಲ ಹೊತ್ತು ಗೊತ್ತು ಮಾಡಿದ್ದೇವೆ, ಭಾವನ ಜೊತೆ ನಾನೂ ಹೋಗುತ್ತೇನೆ.